‘ಪ್ರಶ್ನೆ ಉದ್ಭವಿಸುವುದಿಲ್ಲ’

ಕಳೆದ ವರ್ಷ ಶ್ರಾವಣ ಕಳೆದ ಮೇಲೆ ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಂದು ಅಣಕು ಲೋಕಸಭೆಯನ್ನು ನಡೆಸಿದರು. ಮಂತ್ರಿಗಳಾಗುವುದಕ್ಕೆ ಪೈಪೋಟಿಯೋ ಪೈಪೋಟಿ. ರಕ್ಷಣಾ ಖಾತೆಗೆ ಮೂವರು, ವಿದೇಶಾಂಗ ಖಾತೆಗೆ ಐವರು ಉಮೇದುವಾರರು. ಪರಿಸರ, ಸಾರಿಗೆ ಖಾತೆಗಳಿಗೆ ಚೀಟಿ ಎತ್ತಬೇಕಾಯಿತು. ಪ್ರಶ್ನೆ ಕೇಳುವ ಸದಸ್ಯರಾಗಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಉತ್ತರ ಹೇಳುವುದು ಅಧಿಕಾರ, ಪ್ರಶ್ನೆ ಕೇಳುವುದು ಅಜ್ಞಾನ ಎಂಬ ಭಾವನೆಯನ್ನು ಈ ಎಳೆಯ ಮನಸ್ಸುಗಳಲ್ಲಿ ಬಿತ್ತಿದವರು ಯಾರು? ಹದಿನೆಂಟು ವರ್ಷಗಳಿಂದ ಪಾಠ ಹೇಳುತ್ತಿರುವ ನನ್ನಂಥವರೇ ಇರಬೇಕೆಂಬ ಸಂಶಯ ಅಂದೇ ನನಗೆ ಬಂದಿತು.

ಪ್ರಶ್ನೆಗಳ ಭಾಷೆಯನ್ನು ತಿದ್ದುವ ಕೆಲಸ ಕನ್ನಡ ಮೇಷ್ಟರಾದ ನನ್ನ ಪಾಲಿಗೆ ಬಂದಿತ್ತು. ಬಂದ ಚೀಟಿಗಳಲ್ಲಿ ಬಹುಪಾಲು ವೃತ್ತಪತ್ರಿಕೆಗಳಿಂದ ಎತ್ತಿದವು. ಒಂದು ಮಾತ್ರ ಬೇರೆಯಾಗಿತ್ತು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಬರೆದದ್ದು: ‘(ಅ) ನಮ್ಮೂರಿಗೆ ಸಂಜೆ ಹೋಗುತ್ತಿದ್ದ ಬಸ್ಸು ನಿಂತುಹೋಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೆ? (ಆ) ಬಂದಿದ್ದಲ್ಲಿ, ಕೈಗೊಂಡಿರುವ ಕ್ರಮವೇನು?’ ಇದು ರಾಜ್ಯಕ್ಕೆ ಸೇರಿದ ವಿಷಯ, ಲೋಕಸಭೆಯಲ್ಲಿ ಕೇಳತಕ್ಕದ್ದಲ್ಲ ಎಂದು ಆಕ್ಷೇಪಿಸಬಹುದಾಗಿತ್ತು, ಯಾರೂ ಆಕ್ಷೇಪಿಸಲಿಲ್ಲ. ನಮ್ಮ ಸಾರಿಗೆ ಮಂತ್ರಿ ಚುರುಕಾದ ಹುಡುಗ, ನಿಜವಾದ ಸದನಗಳ ಉತ್ತರಪತ್ರಿಕೆಗಳನ್ನು ಚೆನ್ನಾಗಿ ಓದಿಕೊಂಡಿದ್ದ. ಎದ್ದು ನಿಂತು ಗಂಭೀರವಾಗಿ ಹೇಳಿದ: ‘ಮಾನ್ಯ ಸಭಾಧ್ಯಕ್ಷರೆ, (ಅ) ಬಂದಿಲ್ಲ, (ಆ) ಉದ್ಭವಿಸುವುದಿಲ್ಲ.’ ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹುಡುಗಿ ನಗಲಿಲ್ಲ, ಉಪಪ್ರಶ್ನೆಗೆಂದು ಕೈಯೆತ್ತಿದಳು. ಆಕೆ ಕೇಳಿದ್ದೇನೆಂಬುದನ್ನು ಆಮೇಲೆ ಹೇಳುತ್ತೇನೆ.

‘ಉದ್ಭವಿಸುವುದಿಲ್ಲ’ ಎಂಬುದು ಶಾಸನಸಭೆಗಳ ಕಡತಗಳನ್ನು ನೋಡಿದವರಿಗೆಲ್ಲ ಪರಿಚಿತವಾದ ಮಾತು. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ. ಮೊದಲ ಭಾಗಕ್ಕೆ ‘ಇಲ್ಲ’ ಎಂದ ಮೇಲೆ, ‘ಹಾಗಿದ್ದಲ್ಲಿ’ ಎಂದು ಮೊದಲಾಗುವ ಎರಡನೆಯ ಭಾಗಕ್ಕೆ ಆಧಾರವೇ ತಪ್ಪುತ್ತದೆ ಸರಿಯಷ್ಟೆ. ಆದರೆ ತರ್ಕ ಸರಿಯಾಗಿರುವ ಕಡೆಯಲ್ಲೆಲ್ಲ ಸತ್ಯವೂ ಇರಬೇಕೆಂಬ ನಿಯಮವಿಲ್ಲ. ಒಂದು ವಿಷಯ ಗಮನಕ್ಕೆ ಬಾರದಿರುವುದು ಬೇರೆ. ಅದು ಜಗತ್ತಿನಲ್ಲಿ ಇಲ್ಲದಿರುವುದು ಬೇರೆ.

ನಮ್ಮ ಪೂರ್ವಿಕರು ಪ್ರಶ್ನೆಯನ್ನು ಹಗುರವಾಗಿ ಕಂಡವರಲ್ಲ. ಒಂದು ಉಪನಿಷತ್ತಿಗೆ ಪ್ರಶ್ನೋಪನಿಷತ್ತೆಂದೇ ಹೆಸರು. ಅಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಋಷಿಯ ಬಳಿಗೆ ಬರುತ್ತಾರೆ. ಒಂದು ವರ್ಷ ತಪಸ್ಸಿನಲ್ಲಿದ್ದು ಬಳಿಕ ಕೇಳಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎನ್ನುತ್ತಾನೆ ಆತ. ಕೇಳುವವನಿಗೆ ಸಿದ್ಧತೆ, ಹೇಳುವವನಿಗೆ ವಿನಯ: ಎರಡನ್ನೂ ಒಂದೇ ಮಾತಿನಲ್ಲಿ ಅಳವಡಿಸಿದ ಬಗೆ ಇದು. ಮಹಾಭಾರತದ ಯಕ್ಷಪ್ರಶ್ನೆಯ ಕಥೆಯನ್ನು ಬಲ್ಲದವರಾರು? ಉತ್ತರ ಹೇಳದೆ ನೀರಿಗೆ ಬಾಯಿಟ್ಟ ನಾಲ್ವರೂ ಕೊಳದ ದಡದಲ್ಲಿ ಒರಗಿದರು. ನಿಂತು ಉತ್ತರ ಹೇಳಿದ ಧರ್ಮರಾಯನಿಂದ ಅವರೂ ಬದುಕಿದರು. ರಾಜನಾದವನು ಕುಡಿಯುವ ನೀರಿಗೂ ಉತ್ತರದ ಋಣವುಂಟೆಂಬ ಅರ್ಥವನ್ನು ಆ ಕಥೆಯಿಂದ ತೆಗೆದರೆ ತಪ್ಪಾಗಲಾರದು.

ಇನ್ನು ಮಾತುಗಳನ್ನೇ ನೋಡೋಣ. ನಾವು ದಿನವೂ ಬಳಸುವ ‘ಜವಾಬ್ದಾರಿ’ಯ ಒಳಗೆ ‘ಜವಾಬು’ ಕುಳಿತಿದೆ. ಸಂಸ್ಕೃತದ ‘ಉತ್ತರವಾದಿ’ಯಲ್ಲಿ ‘ಉತ್ತರ’ವೇ ಇದೆ. ಯಾವನು ಉತ್ತರ ಹೇಳಲು ಬದ್ಧನೋ ಅವನೇ ಹೊಣೆಗಾರ. 1947ರಲ್ಲಿ ಮೈಸೂರು ಸಂಸ್ಥಾನದ ಜನ ‘ಮೈಸೂರು ಚಲೋ’ ಎಂದು ಬೀದಿಗಿಳಿದು ಕೇಳಿದ್ದು ಜವಾಬ್ದಾರಿ ಸರ್ಕಾರವನ್ನು. ಆ ವರ್ಷದ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗ ಜನರಿಗೆ ದೊರೆತದ್ದು ಹೊಸ ಮಂತ್ರಿಗಳಷ್ಟೇ ಅಲ್ಲ, ಜವಾಬು ಕೇಳುವ ಹಕ್ಕು.

ಈ ಹಕ್ಕು ಒಂದೇ ದಿನದಲ್ಲಿ ಬಂದುದಲ್ಲ. ಇಂಗ್ಲೆಂಡಿನಲ್ಲಿ 1721ರಲ್ಲಿ ಪ್ರಭುಗಳ ಸಭೆಯಲ್ಲಿ ಕೌಪರ್ ಪ್ರಭುವು ಎದ್ದು, ಸೌತ್ ಸೀ ಕಂಪೆನಿಯ ಖಜಾಂಚಿ ದೇಶ ಬಿಟ್ಟು ಓಡಿಹೋಗಿ ಸೆರೆಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂದು ಸರ್ಕಾರವನ್ನು ಕೇಳಿದನು. ಪಾರ್ಲಿಮೆಂಟಿನ ಪ್ರಶ್ನೆಗಳ ಇತಿಹಾಸ ಅಲ್ಲಿಂದ ಮೊದಲಾಗುತ್ತದೆಂದು ಎಣಿಕೆ. ಜನರ ಹಣ ಮುಳುಗಿತ್ತು, ಯಾರಾದರೂ ಕೇಳಲೇಬೇಕಾಗಿತ್ತು.

ನಮ್ಮ ದೇಶದಲ್ಲಿ 1892ರ ಕೌನ್ಸಿಲುಗಳ ಕಾಯಿದೆಯು ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶವನ್ನು ಮೊದಲು ಕೊಟ್ಟಿತು. 1893ರ ಫೆಬ್ರವರಿ 16ರಂದು ಭಿಂಗಾ ಸಂಸ್ಥಾನದ ರಾಜರು ಮೊದಲ ಪ್ರಶ್ನೆಯನ್ನು ಕೇಳಿದರು. ಅದು ಯಾವುದರ ಬಗ್ಗೆ ಎಂದು ವಾಚಕರು ಊಹಿಸಬಲ್ಲರೆ? ಸಾಮ್ರಾಜ್ಯದ ನೀತಿಯ ಬಗ್ಗೆ ಅಲ್ಲ. ಪ್ರವಾಸ ಬಂದ ಅಧಿಕಾರಿಗಳ ಬಿಡಾರಗಳಿಗೆ ಸಾಮಾನು ಸರಂಜಾಮು ಒದಗಿಸುವ ಪದ್ಧತಿಯಿಂದ ಹಳ್ಳಿಯ ಅಂಗಡಿಕಾರರಿಗೆ ಆಗುತ್ತಿದ್ದ ತೊಂದರೆಯ ಬಗ್ಗೆ. ಭಾರತದ ಶಾಸನಸಭೆಯ ಮೊದಲ ಪ್ರಶ್ನೆ ಹಳ್ಳಿಯ ಚಿಲ್ಲರೆ ಅಂಗಡಿಯದಾಗಿತ್ತೆಂಬುದನ್ನು ನೆನೆದಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನವಾಗುತ್ತದೆ.

ಆಗ ಉಪಪ್ರಶ್ನೆಗೆ ಅವಕಾಶವಿರಲಿಲ್ಲ. ಸರ್ಕಾರ ಹೇಳಿದ್ದನ್ನು ಕೇಳಿಕೊಂಡು ಕುಳಿತುಕೊಳ್ಳಬೇಕು. 1909ರ ಕಾಯಿದೆಯ ಬಳಿಕ ಪ್ರಶ್ನೆ ಕೇಳಿದವನೇ ಇನ್ನೊಂದು ಪ್ರಶ್ನೆ ಕೇಳಬಹುದೆಂದಾಯಿತು. ಮುಂದೆ 1919ರ ಸುಧಾರಣೆಗಳು ಈ ದಾರಿಯನ್ನು ಇನ್ನಷ್ಟು ಅಗಲಮಾಡಿದವು. ಆದರೂ ಪರರಾಷ್ಟ್ರಗಳೊಡನೆ ಸರ್ಕಾರಕ್ಕಿರುವ ಸಂಬಂಧದ ವಿಷಯವಾಗಿ ಯಾರೂ ಕೇಳಕೂಡದು. ದೇಶೀಯ ರಾಜರೊಡನೆ ಇರುವ ಸಂಬಂಧವನ್ನೂ ಕೇಳಕೂಡದು. ಇಂದು ನಮ್ಮ ಹುಡುಗರು ಪೈಪೋಟಿಯಿಂದ ಆರಿಸಿಕೊಂಡ ವಿದೇಶಾಂಗ ಖಾತೆಯು ಅಂದು ಪ್ರಶ್ನೆಗೆ ಮುಚ್ಚಿದ ಬಾಗಿಲು.

ಮೈಸೂರಿನ ಮಾತು ಬೇರೆಯದೇ ಒಂದು ಅಧ್ಯಾಯ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ದಸರೆಯ ಸಂಭ್ರಮದ ನಡುವೆ ಮೈಸೂರಿಗೆ ಬಂದ 144 ಮಂದಿ ರೈತರು, ವರ್ತಕರು ಆಳುವವರ ಮುಂದೆ ಕುಳಿತರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಊರಿನ ಕಷ್ಟಸುಖಗಳನ್ನು ಹೇಳಿಕೊಳ್ಳುವ ಅವಕಾಶವಿತ್ತು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂದಿತು. ಮುಂದೆ ಆ ಸಭೆಯ ಸದಸ್ಯರಾಗಿ ಕುಳಿತವರಲ್ಲಿ ಡಿ. ವಿ. ಗುಂಡಪ್ಪನವರೂ ಒಬ್ಬರು. ಕವಿಯೊಬ್ಬರು ‘ರಾಜ್ಯಶಾಸ್ತ್ರ’ವನ್ನೂ ಬರೆಯಬೇಕಾದುದೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈ ಸಂಗತಿಯನ್ನು ನೆನಪಿಸುವುದುಂಟು.

ಈಗ ನಮ್ಮ ಲೋಕಸಭೆಯ ಕ್ರಮವನ್ನು ನೋಡೋಣ. ದಿನದ ಕಲಾಪ ತೊಡಗುವುದು ಬೆಳಗ್ಗೆ ಹನ್ನೊಂದಕ್ಕೆ. ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲು. ರಾಜ್ಯಸಭೆ 2014ರಿಂದ ಈ ವೇಳೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟುಕೊಂಡಿದೆ. ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಮಂತ್ರಿ ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆಯಿಲ್ಲದವಕ್ಕೆ ಬರಹದ ಉತ್ತರ ಸಾಕು. ಲೋಕಸಭೆಯ ಒಂದು ದಿನದ ಪಟ್ಟಿಯಲ್ಲಿ ಚುಕ್ಕೆಯವು 20, ಚುಕ್ಕೆಯಿಲ್ಲದವು 230. ಇಲಾಖೆಗಳನ್ನು ಐದು ಗುಂಪು ಮಾಡಿ ವಾರದ ಒಂದೊಂದು ದಿನಕ್ಕೆ ಹಂಚಿರುತ್ತಾರೆ. ಕೇಳುವವನು ಹದಿನೈದು ದಿನ ಮುಂಚಿತವಾಗಿ ತಿಳಿಸಬೇಕು. ಇಪ್ಪತ್ತು ಪ್ರಶ್ನೆಗಳೂ ಒಂದೇ ದಿನ ಮುಗಿಯುವುದು ಅಪರೂಪ. 2019ರ ನವೆಂಬರಿನಲ್ಲಿ ಒಂದು ದಿನ ಹಾಗಾದಾಗ, 1972ರ ಬಳಿಕ ಇದೇ ಮೊದಲೆಂದು ಪತ್ರಿಕೆಗಳು ಬರೆದವು.

ಹದಿನೈದು ದಿನ ಕೊಟ್ಟರೆ ಉತ್ತರವನ್ನು ಯಾವ ಗುಮಾಸ್ತೆಯೂ ಸಿದ್ಧಮಾಡಬಲ್ಲ. ಸತ್ವವಿರುವುದು ಉಪಪ್ರಶ್ನೆಯಲ್ಲಿ. ಅದಕ್ಕೆ ಮುನ್ಸೂಚನೆಯಿಲ್ಲ. ಬರೆದುಕೊಟ್ಟದ್ದನ್ನು ಓದಿ ಮುಗಿಸಿದ ಮಂತ್ರಿಗೆ ತನ್ನ ಇಲಾಖೆಯ ವಿಷಯ ನಿಜವಾಗಿ ಎಷ್ಟು ತಿಳಿದಿದೆಯೆಂಬುದು ಆ ಒಂದು ಗಳಿಗೆಯಲ್ಲಿ ಬಯಲಾಗುತ್ತದೆ. ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆಯನ್ನು ತೊರೆದು, ಮಧ್ಯಪ್ರದೇಶದ ಹೋಶಂಗಾಬಾದಿನಿಂದ ಲೋಕಸಭೆಗೆ ಹೋದ ಎಚ್. ವಿ. ಕಾಮತರು ಇಂಥ ಪ್ರಶ್ನೆಗಳಿಗೆ ಹೆಸರಾದವರು.

ಪ್ರಶ್ನೆ ಹೇಗಿರಬೇಕೆಂಬುದಕ್ಕೆ ಲೋಕಸಭೆಯ 41ನೆಯ ನಿಯಮ ಒಂದು ಲಕ್ಷಣಗ್ರಂಥವನ್ನೇ ಕೊಟ್ಟಿದೆ. ಪ್ರಶ್ನೆ 150 ಪದಗಳನ್ನು ಮೀರಬಾರದು; ಅದರಲ್ಲಿ ವಾದವಿರಬಾರದು, ವ್ಯಂಗ್ಯವಿರಬಾರದು, ನಿಂದೆಯಿರಬಾರದು; ಅಭಿಪ್ರಾಯವನ್ನು ಕೇಳಬಾರದು. ವ್ಯಂಗ್ಯವೇ ಕಾವ್ಯದ ಜೀವವೆಂದು ಪಾಠ ಹೇಳುವ ನನಗೆ, ವ್ಯಂಗ್ಯವನ್ನು ನಿಷೇಧಿಸುವ ಈ ನಿಯಮವನ್ನು ಓದಿದಾಗ ನಗು ಬಂದಿತು. ಆಲೋಚಿಸಿದಾಗ ಅದರ ವಿವೇಕ ಹೊಳೆಯಿತು. ಕೊಂಕಿದ ಪ್ರಶ್ನೆಗೆ ಕೊಂಕಿದ ಉತ್ತರ ಸುಲಭ. ಬರಿಯ ಪ್ರಶ್ನೆಗೆ ಬರಿಯ ಉತ್ತರವನ್ನೇ ಕೊಡಬೇಕು, ಇಲ್ಲವೆ ಮೌನವಾಗಿರಬೇಕು.

ಅಂಥ ಒಂದು ನೇರವಾದ ಪ್ರಶ್ನೆ 1959ರ ಆಗಸ್ಟ್ 28ರಂದು ಲೋಕಸಭೆಯಲ್ಲಿ ಬಂದಿತು: ಲಡಾಖಿನ ನೆಲದಲ್ಲಿ ಚೀನೀಯರು ರಸ್ತೆ ಮಾಡಿದ್ದಾರೆಯೆ? ಪ್ರಧಾನಿ ಜವಾಹರಲಾಲ್ ನೆಹರೂ ಅವರು ಅಕ್ಸಾಯ್ ಚಿನ್ ಮೂಲಕ ಹಾದ ರಸ್ತೆಯ ಸಂಗತಿಯನ್ನು ಒಪ್ಪಿಕೊಂಡರು. ಈ ವಿಷಯವಾಗಿ ಭಾರತವು ಚೀನಕ್ಕೆ ಪ್ರತಿಭಟನೆಯನ್ನು ಕಳುಹಿಸಿದ್ದು 1958ರ ಅಕ್ಟೋಬರಿನಲ್ಲಿ. ಎಂದರೆ ಹತ್ತು ತಿಂಗಳ ಕಾಲ ಸರ್ಕಾರಕ್ಕೆ ತಿಳಿದಿದ್ದ ಸಂಗತಿ ಜನರ ಪ್ರತಿನಿಧಿಗಳಿಗೆ ತಿಳಿದಿರಲಿಲ್ಲ. ಮುಂದಿನ ತಿಂಗಳು, ಸೆಪ್ಟೆಂಬರ್ 7ರಂದು, ಎರಡು ಸರ್ಕಾರಗಳ ನಡುವಣ ಪತ್ರಗಳೆಲ್ಲ ಶ್ವೇತಪತ್ರವಾಗಿ ಸದನದ ಮುಂದೆ ಬಂದವು. ರಕ್ಷಣೆ, ವಿದೇಶಾಂಗ, ಸಾರಿಗೆ ಮೂರೂ ಆ ಒಂದು ರಸ್ತೆಯಲ್ಲಿ ಕೂಡಿದ್ದವು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವುಂಟು. ದೇಶದ ರಕ್ಷಣೆಯ ಸಂಗತಿಗಳನ್ನೆಲ್ಲ ಬಹಿರಂಗವಾಗಿ ಕೇಳಬಹುದೆ? ಬೃಹದಾರಣ್ಯಕೋಪನಿಷತ್ತಿನಲ್ಲಿ ಗಾರ್ಗಿ ಒಂದರ ಮೇಲೊಂದು ಪ್ರಶ್ನೆ ಕೇಳುತ್ತ ಹೋದಾಗ, ಅತಿಪ್ರಶ್ನೆ ಬೇಡ, ತಲೆ ಬಿದ್ದೀತು ಎಂದು ಯಾಜ್ಞವಲ್ಕ್ಯ ಎಚ್ಚರಿಸುತ್ತಾನೆ. ಸೈನ್ಯ ಎಲ್ಲಿ ನಿಂತಿದೆ, ಎಷ್ಟು ಮದ್ದುಗುಂಡು ಇದೆ ಎಂಬುದು ಅತಿಪ್ರಶ್ನೆಯೇ ಸರಿ. ಅಂಥದಕ್ಕೆ ಉತ್ತರ ಕೊಡಲಾಗದೆನ್ನುವ ಹಕ್ಕು ಮಂತ್ರಿಗೆ ಇರಬೇಕು. ಆದರೆ ಗಡಿ ದಾಟಿದವರಿಗೆ ಗೊತ್ತಿರುವುದನ್ನು ಗಡಿಯೊಳಗಿನವರಿಂದ ಮುಚ್ಚಿಡುವುದು ರಹಸ್ಯಪಾಲನೆಯಾಗುವುದಿಲ್ಲ. ಆ ರಸ್ತೆ ಚೀನಕ್ಕೆ ರಹಸ್ಯವಾಗಿರಲಿಲ್ಲ, ನಮಗೆ ಮಾತ್ರ ರಹಸ್ಯವಾಗಿತ್ತು. ಅಂದಹಾಗೆ, ಗಾರ್ಗಿ ಅಲ್ಲಿಗೇ ಸುಮ್ಮನಾಗಲಿಲ್ಲ; ಸ್ವಲ್ಪ ತಡೆದು, ಸಭೆಯ ಅನುಮತಿ ಪಡೆದು, ಇನ್ನೆರಡು ಪ್ರಶ್ನೆಗಳನ್ನು ಕೇಳಿದಳು. ಸಂಸದೀಯ ಸಂಪ್ರದಾಯಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕೆ?

ಪ್ರಶ್ನಿಸಬೇಕಾದವರು ಪ್ರಶ್ನಿಸದೆ ಬಿಟ್ಟುದೂ ಉಂಟು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ 2001ರ ಮಾರ್ಚಿನಲ್ಲಿ ರಕ್ಷಣಾ ಖಾತೆಗೆ ರಾಜೀನಾಮೆ ಕೊಟ್ಟು, ಅಕ್ಟೋಬರಿನಲ್ಲಿ ಮತ್ತೆ ಅದೇ ಖಾತೆಗೆ ಮರಳಿದಾಗ ವಿರೋಧ ಪಕ್ಷಗಳು ಸದನದಲ್ಲಿ ಅವರನ್ನು ಬಹಿಷ್ಕರಿಸಿದವು. ಪ್ರತಿಭಟನೆಗೆ ಕಾರಣವಿದ್ದಿರಬಹುದು. ಆದರೆ ಮಂತ್ರಿ ಉತ್ತರಿಸಲು ನಿಂತಾಗ ಕೇಳುವವರು ಎದ್ದು ಹೋದರೆ ಲಾಭ ಯಾರಿಗೆ? ಗದ್ದಲದಲ್ಲಿ ಪ್ರಶ್ನೋತ್ತರದ ವೇಳೆಯೇ ಕೊಚ್ಚಿಹೋಗುವ ದಿನಗಳು ಇಂದಿಗೂ ಕಡಮೆಯಿಲ್ಲ. ಇದಕ್ಕಿಂತ ಹೀನವಾದುದು ಪ್ರಶ್ನೆಯನ್ನು ಮಾರಿಕೊಳ್ಳುವುದು. 1951ರಲ್ಲಿ ಒಬ್ಬ ಸದಸ್ಯರು ವರ್ತಕರ ಸಂಘವೊಂದರಿಂದ ಹಣ ಪಡೆದ ಆರೋಪದ ಮೇಲೆ ಸ್ಥಾನ ಕಳೆದುಕೊಂಡರು. 2005ರ ಡಿಸೆಂಬರಿನಲ್ಲಿ ಪ್ರಶ್ನೆಗಾಗಿ ಹಣ ಪಡೆದುದಕ್ಕೆ ಎರಡೂ ಸದನಗಳಿಂದ ಒಟ್ಟು 11 ಮಂದಿ ಉಚ್ಚಾಟಿತರಾದರು.

ಸಾರಿಗೆಯ ವಿಷಯದಲ್ಲಿ ಒಂದು ಹಳೆಯ ಸಂಗತಿಯನ್ನೂ ಒಂದು ಈಚಿನ ಸಂಗತಿಯನ್ನೂ ಹೇಳಬೇಕು. 1956ರ ಸೆಪ್ಟೆಂಬರಿನಲ್ಲಿ ಮಹಬೂಬನಗರದ ಬಳಿ ರೈಲು ಅಪಘಾತವಾದಾಗ ರೈಲ್ವೆ ಮಂತ್ರಿ ಲಾಲ್ ಬಹಾದುರ್ ಶಾಸ್ತ್ರಿಯವರು ರಾಜೀನಾಮೆ ನೀಡಲು ಮುಂದಾದರು, ಪ್ರಧಾನಿ ಒಪ್ಪಲಿಲ್ಲ. ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನಲ್ಲಿ ಮತ್ತೊಂದು ಅಪಘಾತವಾಗಿ ನೂರಕ್ಕೂ ಹೆಚ್ಚು ಜನ ಸತ್ತಾಗ ಅವರು ಅಧಿಕಾರ ಬಿಟ್ಟೇಬಿಟ್ಟರು. ಶಾಸ್ತ್ರಿಯವರು ರೈಲು ನಡೆಸಿದವರಲ್ಲ, ಸೇತುವೆ ಕಟ್ಟಿದವರಲ್ಲ, ಉತ್ತರ ಹೇಳಬೇಕಾದವರು.

2020ರ ಸೆಪ್ಟೆಂಬರಿನಲ್ಲಿ, ಮಹಾಮಾರಿಯ ನಡುವೆ ಪಾರ್ಲಿಮೆಂಟು ಸೇರಿದಾಗ, ಪ್ರಶ್ನೋತ್ತರ ವೇಳೆಯನ್ನು ಕೈಬಿಡಲಾಯಿತು. ಈ ವೇಳೆ ನಿಂತದ್ದು ಅದೇ ಮೊದಲಲ್ಲ: 1962ರ ಯುದ್ಧದ ದಿನಗಳಲ್ಲಿ ನಿಂತಿತ್ತು, 1975ರ ತುರ್ತುಪರಿಸ್ಥಿತಿಯಲ್ಲಿಯೂ ನಿಂತಿತ್ತು. ಈ ಬಾರಿ ಬರಹದ ಉತ್ತರಗಳು ಮಾತ್ರ ಉಳಿದವು. ಊರುಗಳಿಗೆ ನಡೆದು ಹೊರಟ ವಲಸೆ ಕಾರ್ಮಿಕರಲ್ಲಿ ಸತ್ತವರೆಷ್ಟು, ಅವರ ಮನೆಯವರಿಗೆ ಪರಿಹಾರ ಕೊಡಲಾಗಿದೆಯೆ ಎಂದು ಸದಸ್ಯರು ಕೇಳಿದ್ದರು. ಅಂಥ ಅಂಕಿ ಅಂಶಗಳನ್ನು ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಕಾರ್ಮಿಕ ಮಂತ್ರಾಲಯ ಉತ್ತರಿಸಿತು. ಅದೇ ವಾರ ರಾಜ್ಯಸಭೆಯಲ್ಲಿ ರೈಲ್ವೆ ಮಂತ್ರಾಲಯದ ಉತ್ತರ ಬಂದಿತು: ಕಾರ್ಮಿಕರ ವಿಶೇಷ ರೈಲುಗಳಲ್ಲಿ ಸೆಪ್ಟೆಂಬರ್ 9ರ ವರೆಗೆ ಸತ್ತವರು 97 ಮಂದಿ. ಒಂದು ಇಲಾಖೆಗೆ ಇಲ್ಲದ ಲೆಕ್ಕ, ಒಂದು ಭಾಗದ ಮಟ್ಟಿಗಾದರೂ, ಇನ್ನೊಂದರಲ್ಲಿ ಇತ್ತು. ಎರಡು ಕಾಗದಗಳನ್ನೂ ಕೈಯಲ್ಲಿ ಹಿಡಿದು ‘ಹಾಗಾದರೆ?’ ಎಂದು ಕೇಳಬಹುದಾಗಿದ್ದ ಆ ಒಂದು ಗಂಟೆ ಮಾತ್ರ ಇರಲಿಲ್ಲ. ಉಪಪ್ರಶ್ನೆಯ ಬೆಲೆ ನನಗೆ ನಿಜವಾಗಿ ತಿಳಿದದ್ದು ಆ ವಾರ.

ಪರಿಸರದ ವಿಷಯವೂ ಹೀಗೆಯೇ. ನಮ್ಮ ಪಶ್ಚಿಮ ಘಟ್ಟಗಳ ಸ್ಥಿತಿಯನ್ನು ಕುರಿತು ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಒಪ್ಪಿಸಿತು. ಕೊಡಗು, ಮಲೆನಾಡು, ಉತ್ತರ ಕನ್ನಡಗಳ ಜನರ ಬದುಕಿಗೆ ಸಂಬಂಧಿಸಿದ ಆ ವರದಿ ಜನರ ಕೈಗೆ ಬಂದದ್ದು 2012ರ ಮೇ ತಿಂಗಳಲ್ಲಿ. ಅದೂ ಒಬ್ಬ ನಾಗರಿಕರು ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಿ, ಮಾಹಿತಿ ಆಯೋಗ ಕೊಡಿರೆಂದು ಹೇಳಿ, ದೆಹಲಿಯ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದ ಮೇಲೆ. ವರದಿಯನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅದನ್ನು ಓದದೆ ಒಪ್ಪುವುದೂ ಕಷ್ಟ, ವಿರೋಧಿಸುವುದೂ ಕಷ್ಟ. 2005ರ ಆ ಕಾಯಿದೆಯಿಂದಾಗಿ ಸದನದ ಹೊರಗಿರುವವನಿಗೂ ಒಂದು ಬಗೆಯ ಪ್ರಶ್ನೋತ್ತರ ವೇಳೆ ದೊರೆತಿದೆ ಎಂದರೆ ಅತ್ಯುಕ್ತಿಯಾಗಲಾರದು. ಆದರೆ ಅಲ್ಲಿ ಉಪಪ್ರಶ್ನೆಯಿಲ್ಲ, ಎದುರಿಗೆ ಮುಖವಿಲ್ಲ.

‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರಗಳೂ ‘ಉದ್ಭವಿಸುವುದಿಲ್ಲ’ದ ಒಡಹುಟ್ಟುಗಳು. ಇವು ಮರೆಯಾಗಿ ಹೋಗಬಾರದೆಂದೇ ಲೋಕಸಭೆ 1953ರಲ್ಲಿ ಸರ್ಕಾರದ ಭರವಸೆಗಳ ಸಮಿತಿಯನ್ನು ಏರ್ಪಡಿಸಿತು. ಮಂತ್ರಿ ಸದನದಲ್ಲಿ ಕೊಟ್ಟ ಮಾತನ್ನು ಬರೆದಿಟ್ಟುಕೊಂಡು, ಮೂರು ತಿಂಗಳೊಳಗೆ ನಡೆಸಿಕೊಟ್ಟರೆ ಎಂದು ವಿಚಾರಿಸುವುದು ಅದರ ಕೆಲಸ. ಆಡಿದ ಮಾತಿಗೆ ಲೆಕ್ಕವಿಡುವ ಇಂಥದೊಂದು ಸಮಿತಿ ಮನೆಮನೆಯಲ್ಲಿಯೂ, ಕಾಲೇಜು ಕಾಲೇಜಿನಲ್ಲಿಯೂ ಇದ್ದರೆ ಚೆನ್ನಿತ್ತು.

ಈಗ ನಮ್ಮ ಅಣಕು ಸಭೆಗೆ ಮರಳೋಣ. ಕೈಯೆತ್ತಿದ ಆ ಹುಡುಗಿ ಎದ್ದು ನಿಂತು ಮೆಲ್ಲಗೆ ಕೇಳಿದಳು: ‘ಈಗ ಗಮನಕ್ಕೆ ಬಂದಿತಲ್ಲ?’

ಮಂತ್ರಿಯ ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನು ಅಧ್ಯಕ್ಷನ ಕಡೆ ನೋಡಿದ, ಅಧ್ಯಕ್ಷ ಗಡಿಯಾರದ ಕಡೆ ನೋಡಿದ, ‘ಮುಂದಿನ ಪ್ರಶ್ನೆ’ ಎಂದ. ಈ ಬಾರಿ ಯಾರೂ ನಗಲಿಲ್ಲ.

ಆ ರಾತ್ರಿ ಹಾಜರಿ ಪುಸ್ತಕವನ್ನು ತೆರೆದು ನೋಡಿದೆ. ಸಂಜೆಯ ಕೊನೆಯ ತಾಸಿನಲ್ಲಿ ನಾನು ಪಂಪನನ್ನು ಪಾಠ ಮಾಡುವ ದಿನಗಳಲ್ಲೆಲ್ಲ ಆಕೆಯ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಆ ಗುರುತುಗಳನ್ನು ಹಾಕಿದ್ದು ನನ್ನ ಕೈಯೇ. ಸಂಜೆಯ ಬಸ್ಸು ನಿಂತ ಮೇಲೆ ಮೂರು ಗಂಟೆಯ ಬಸ್ಸೇ ಆಕೆಗೆ ಕಡೆಯದು. ಅದು ತಪ್ಪಿದರೆ ಏಳು ಮೈಲಿ ನಡಿಗೆ. ಇಷ್ಟು ತಿಂಗಳುಗಳಲ್ಲಿ ಆಕೆ ಏಕೆ ಬರುವುದಿಲ್ಲವೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆಸಕ್ತಿಯಿಲ್ಲದವಳೆಂದು ತೀರ್ಮಾನಿಸಿದ್ದೆ. ನನ್ನ ಮಟ್ಟಿಗೆ ಪ್ರಶ್ನೆ ಉದ್ಭವಿಸಿರಲಿಲ್ಲ.

ಪಂಪನ ಪಾಠ ಈಗ ಬೆಳಗಿನ ಮೊದಲ ತಾಸಿಗೆ ಬಂದಿದೆ. ಅದಕ್ಕೆ ವೇಳಾಪಟ್ಟಿಯ ಒಂದು ಸಾಲನ್ನು ತಿದ್ದಿದರೆ ಸಾಕಾಯಿತು. ಬಸ್ಸಿನ ವಿಷಯವಾಗಿ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಮನವಿಯನ್ನು ಬರೆದಿದ್ದಾರೆ. ನಾನು ಅದರ ಕಾಗುಣಿತವನ್ನು ಮಾತ್ರ ತಿದ್ದಿದೆ, ಪ್ರಶ್ನೆಯನ್ನು ತಿದ್ದಲಿಲ್ಲ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ಆಕೆ ಎರಡನೆಯ ಪತ್ರವನ್ನು ಬರೆಯುತ್ತಿದ್ದಾಳೆ.